ಆಡಿಗೂ ನಾಯಿಗೂ ಒಟ್ಟಿಗೇ ಕಾಯಿಲೆ: ಒಂದರಿಂದ ಇನ್ನೊಂದಕ್ಕೆ ಹರಡಿತೇ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಹೊಸನಗರದ ಕಡೆ. ಒಂದೇ ಕೊಟ್ಟಿಗೆಯಲ್ಲಿ 11 ಆಡು, ಎರಡು ನಾಯಿ, ಒಂದು ನಾಯಿಮರಿ ಇದ್ದವು. ಸಂತೆಯಿಂದ ಎರಡು ಆಡು ತಂದ ವಾರಕ್ಕೇ ಜ್ವರ, ಸಿಂಬಳ, ಭೇದಿ ಶುರುವಾಗಿ ನಾಲ್ಕು ಆಡು ಸತ್ತವು. ಈಗ ನಾಯಿಮರಿಗೂ ಕಣ್ಣಲ್ಲಿ ಗೀಜು, ಭೇದಿ, ದವಡೆ ಅದುರುತ್ತಿದೆ. ಆಡಿನ ರೋಗವೇ ನಾಯಿಗೆ ಬಂತೇ? ಆಡಿನ ಲಸಿಕೆಯನ್ನೇ ಅದಕ್ಕೂ ಹಾಕಿಸಬಹುದೇ? ಮಕ್ಕಳಿಗೆ ಅಪಾಯವಿದೆಯೇ?

ಉತ್ತರ: ನಾಲ್ಕು ಆಡು ಹೋದದ್ದು ಸಣ್ಣ ಪೆಟ್ಟಲ್ಲ. ಉಳಿದವನ್ನು ಉಳಿಸಿಕೊಳ್ಳೋಣ.

ನೀವು ಹೇಳಿದ ಲಕ್ಷಣ ನೋಡಿದರೆ ಆಡುಗಳದ್ದು ಪಿಪಿಆರ್, ಅಂದರೆ ಹಿರೇಬೇನೆ. ಮರಿಯದ್ದು ಡಿಸ್ಟೆಂಪರ್ ಇರಬೇಕು. ಎರಡೂ ವೈರಸ್‌ಗಳು ದಾಯಾದಿಗಳು. ನಮ್ಮ ದಡಾರದ ವೈರಸ್, 2011ರಲ್ಲಿ ಜಗತ್ತಿನಿಂದಲೇ ನಿರ್ಮೂಲವಾದ ದನಗಳ ದೊಡ್ಡರೋಗದ ವೈರಸ್ ಕೂಡ ಅದೇ ಕುಲದವು. ಅದಕ್ಕೇ ಲಕ್ಷಣಗಳು ಹೋಲುತ್ತವೆ. ಆದರೆ ಹಿರೇಬೇನೆ ಹರಡುವುದು ಆಡು-ಕುರಿಗಳಲ್ಲಿ, ಡಿಸ್ಟೆಂಪರ್ ನಾಯಿ-ನರಿಗಳಲ್ಲಿ. ಮೊದಲನೆಯದು ಸಂತೆಯ ಆಡಿನ ಜೊತೆ, ಎರಡನೆಯದು ಬಹುಶಃ ಬೀದಿನಾಯಿಯಿಂದ ನಿಮ್ಮ ಮನೆಗೆ ಬಂದಿದೆ.

ಕಾಯಿಲೆ ಬಿದ್ದ ಆಡಿನ ತುಟಿ ಮೆಲ್ಲಗೆ ಎತ್ತಿ ನೋಡಿ. ಒಸಡಿನ ಮೇಲೆ ತೌಡು ಮೆತ್ತಿದ ಹಾಗಿದ್ದು, ಬಾಯಿ ಕೊಳೆತ ವಾಸನೆ ಹೊಡೆಯುತ್ತಿದ್ದರೆ ಹಿರೇಬೇನೆಯ ಅನುಮಾನ ಗಟ್ಟಿಯಾಗುತ್ತದೆ. ನಾಯಿಮರಿಯ ಬಾಯಿಗೆ ಮಾತ್ರ ಕೈ ಹಾಕಲೇಬೇಡಿ. ದವಡೆ ಅದುರುವುದು, ಜೊಲ್ಲು ಸುರಿಸುವುದು ರೇಬೀಸ್‌ನಲ್ಲೂ ಉಂಟು. ಹಿರೇಬೇನೆ, ಡಿಸ್ಟೆಂಪರ್ ಮಕ್ಕಳಿಗೆ ತಗಲುವುದಿಲ್ಲ. ನನ್ನ ಭಯವೆಲ್ಲ ರೇಬೀಸ್‌ನದ್ದೇ. ಮರಿ ಯಾರನ್ನಾದರೂ ಕಚ್ಚಿದ್ದರೆ, ಗಾಯ ನೆಕ್ಕಿದ್ದರೆ, 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಲ್ಲಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ.

ಆಡಿನ ಲಸಿಕೆ ನಾಯಿಗೆ ಬೇಡ. ಹಿರೇಬೇನೆಯ ಲಸಿಕೆಯನ್ನು ಆಡುಮರಿಗೆ ನಾಲ್ಕು ತಿಂಗಳಾದ ಮೇಲೆ ಹಾಕಿಸಿದರೆ ಕನಿಷ್ಠ ಮೂರು ವರ್ಷ ಕಾಯುತ್ತದೆ. ನಾಯಿಮರಿಗೆ 6–8 ವಾರದಿಂದ 16 ವಾರದವರೆಗೆ, 3–4 ವಾರಕ್ಕೊಮ್ಮೆ ಬೇರೆಯೇ ಲಸಿಕೆ ಇದೆ. ಎರಡು ದೊಡ್ಡ ನಾಯಿಗಳಿಗೆ ಹಾಕಿಸಿಲ್ಲದಿದ್ದರೆ ವೈದ್ಯರನ್ನು ಕೇಳಿ ಹಾಕಿಸಿ, ಅಲ್ಲಿಯವರೆಗೆ ಕಾಡಿಗೆ ಬಿಡಬೇಡಿ. 2018ರಲ್ಲಿ ಗಿರ್‌ನಲ್ಲಿ ಸತ್ತ ಸಿಂಹಗಳಲ್ಲೂ ಡಿಸ್ಟೆಂಪರ್ ಪತ್ತೆಯಾಗಿತ್ತು. ನಮ್ಮ ಕಾಡಲ್ಲಿ ಚಿರತೆ, ಸೀಳುನಾಯಿಗಳಿವೆ.

ಮಳೆಗಾಲದ ಗಾಳಿಯಾಡದ ಕೊಟ್ಟಿಗೆ ಈ ವೈರಸ್‌ಗಳಿಗೆ ಅನುಕೂಲ. ಬಿಸಿಲು, ಸೋಪು ಅವಕ್ಕೆ ಆಗದು. ಹೊಸ ಆಡನ್ನು ಮೂರು ವಾರ ಬೇರೆ ಕಡೆ ಕಟ್ಟಿ. ಕಾಯಿಲೆಯ ಆಡನ್ನು ಸಂತೆಗೆ ಹೊಡೆಯಬೇಡಿ, ಸತ್ತದ್ದನ್ನು ಹಳ್ಳಕ್ಕೆ ಎಸೆಯಬೇಡಿ. ಹೂಳುವ ಮೊದಲೇ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ. ಅವರು ಮಾದರಿ ತೆಗೆದು ಪರೀಕ್ಷೆಗೆ ಕಳಿಸಿದರೆ ನನ್ನ ಅಂದಾಜು ಸರಿಯೋ ತಪ್ಪೋ ತಿಳಿಯುತ್ತದೆ.