ಅಂಡಮಾನ್ ಯಾಟ್ ಪ್ರವಾಸ: ದ್ವೀಪ ಕಮ್ಮಿ ಮಾಡಿ, ಬೆಳಕಿಗೆ ಸಮಯ ಕೊಡಿ

ನಮ್ಮ ಕಾಸರಗೋಡಿನ ಬದಿಯಡ್ಕದ ಗೆಳೆಯರ ಪ್ರಶ್ನೆಗೆ ಸ್ವಲ್ಪ ಉದ್ದದ ಉತ್ತರ ಇದು. ನೀವು ಐದು ಜನ. ಫೆಬ್ರುವರಿಯಲ್ಲಿ ಆರು ದಿನ ಅಂಡಮಾನಿನಲ್ಲಿ ಯಾಟ್ (ವಿಹಾರದ ಹಾಯಿದೋಣಿ) ಬಾಡಿಗೆಗೆ ಹಿಡಿದು ಫೋಟೋ ತೆಗೆಯಲೆಂದೇ ಹೋಗುವವರು. ಹ್ಯಾವ್‌ಲಾಕ್, ನೀಲ್, ಜಾಲಿ ಬಾಯ್, ರಾಸ್-ಸ್ಮಿತ್ ದ್ವೀಪಗಳು, ಬ್ಯಾರನ್ ಜ್ವಾಲಾಮುಖಿ, ಎಲ್ಲವೂ ನಿಮ್ಮ ಪಟ್ಟಿಯಲ್ಲಿದೆ. ಯಾವ ಲೆನ್ಸ್ ಬೇಕು, ಡ್ರೋನ್ ಒಯ್ಯಬಹುದಾ ಎಂದು ಕೇಳಿದ್ದೀರಿ.

ಲೆನ್ಸಿನ ವಿಷಯ ಆಮೇಲೆ. ಮೊದಲು ಆ ಪಟ್ಟಿಯನ್ನು ಅರ್ಧ ಮಾಡಿ. ಕುಂಬಳೆಯಿಂದ ನಾವು ನಾಲ್ಕು ಜನ ಮೊದಲ ಸಲ ಹೋದಾಗ ಇದೇ ತಪ್ಪು ಮಾಡಿದ್ದೆವು. ದಿನಕ್ಕೊಂದು ಜಾಗ ಎಂದು ಲೆಕ್ಕ ಹಾಕಿ ಹೊರಟೆವು. ಬೆಳಗ್ಗೆ ತಿಂಡಿ ತಿಂದು ಲಂಗರು ಎತ್ತುವುದು, ಹನ್ನೊಂದು ಗಂಟೆಗೆ ಮುಂದಿನ ದ್ವೀಪ ಮುಟ್ಟುವುದು. ಅಷ್ಟರಲ್ಲಿ ಸೂರ್ಯ ನೆತ್ತಿಯ ಮೇಲೆ. ಸಂಜೆಯ ಚಂದದ ಬೆಳಕು ಬರುವಾಗ ನಾವು ನಡುಗಡಲಿನಲ್ಲಿ. ಊರಿಗೆ ಬಂದು ಕಂಪ್ಯೂಟರ್ ತೆರೆದಾಗ ಸಾವಿರಗಟ್ಟಲೆ ಫೋಟೋ ಇತ್ತು. ಬೆಳಗಿನ ಬೆಳಕಿನದ್ದು ಹತ್ತೂ ಇರಲಿಲ್ಲ. ಎರಡನೇ ಸಲ ಹ್ಯಾವ್‌ಲಾಕ್ ಮತ್ತು ನೀಲ್ ಎರಡನ್ನೇ ಇಟ್ಟುಕೊಂಡೆವು. ಇವತ್ತಿಗೂ ಗೋಡೆಯಲ್ಲಿ ಇರುವುದು ಆ ಪ್ರವಾಸದ ಫೋಟೋಗಳೇ.

ಸೇಲಿಂಗ್ ಯಾಟ್ ಎಂದರೆ ನಿಧಾನದ ವಾಹನ. ವೇಗ 5-6 ನಾಟ್, ಅಂದರೆ ಗಂಟೆಗೆ ಸುಮಾರು 10 ಕಿಲೋಮೀಟರ್. ಪೋರ್ಟ್ ಬ್ಲೇರ್‌ನಿಂದ ಹ್ಯಾವ್‌ಲಾಕ್ ಸುಮಾರು 40 ಕಿಲೋಮೀಟರ್. ಅಲ್ಲಿಗೆ ಹೋಗುವುದೇ ಅರ್ಧ ದಿನದ ಕೆಲಸ. ರಾಸ್-ಸ್ಮಿತ್ ಇರುವುದು ಉತ್ತರದ ಡಿಗ್ಲಿಪುರದ ಹತ್ತಿರ, ಆರು ದಿನಕ್ಕೆ ಅದು ಹೊಂದುವುದಿಲ್ಲ. ಪೋರ್ಟ್ ಬ್ಲೇರ್ ಎದುರಿಗೂ ಒಂದು ರಾಸ್ ಇದೆ, ಎರಡನ್ನೂ ಒಂದೇ ಅಂದುಕೊಳ್ಳಬೇಡಿ. ಹೆಸರುಗಳ ಬಗ್ಗೆ ಇನ್ನೊಂದು ಮಾತು. ಹ್ಯಾವ್‌ಲಾಕ್ 2018ರಿಂದ ಸ್ವರಾಜ್ ದ್ವೀಪ, ನೀಲ್ ಶಹೀದ್ ದ್ವೀಪ. ಪೋರ್ಟ್ ಬ್ಲೇರ್‌ಗೆ 2024ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರಿಟ್ಟರು. ಟಿಕೆಟಿನಲ್ಲಿ, ಪರವಾನಗಿಯಲ್ಲಿ ಯಾವ ಹೆಸರೂ ಬರಬಹುದು, ಗಾಬರಿ ಬೇಡ.

ಈಗ ನಾನು ನಿಜವಾಗಿ ಹೇಳಬೇಕಾದದ್ದು ಗಡಿಯಾರದ ವಿಷಯ. ಅಂಡಮಾನ್ ಮತ್ತು ಕಾಸರಗೋಡು ಹೆಚ್ಚುಕಮ್ಮಿ ಒಂದೇ ಅಕ್ಷಾಂಶದಲ್ಲಿವೆ. ಆದರೆ ಅದು ಪೂರ್ವಕ್ಕೆ ತುಂಬಾ ದೂರ, ಗಡಿಯಾರ ಮಾತ್ರ ನಮ್ಮದೇ. ಹಾಗಾಗಿ ಅಲ್ಲಿ ಎಲ್ಲವೂ 70 ನಿಮಿಷ ಮುಂಚೆ ಆಗುತ್ತದೆ. ಫೆಬ್ರುವರಿ ಮಧ್ಯದಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವುದು ಸುಮಾರು 6.50ಕ್ಕೆ, ಅಲ್ಲಿ 5.40ಕ್ಕೇ ಹುಟ್ಟಿರುತ್ತದೆ. ಸಂಜೆ ಇಲ್ಲಿ 6.35ರ ತನಕ ಸೂರ್ಯ ಇದ್ದರೆ ಅಲ್ಲಿ 5.25ಕ್ಕೆ ಮುಳುಗಿ ಆಯಿತು. ಆಕಾಶಕ್ಕೆ ಬಣ್ಣ ಬರುವುದು ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲು. ಅಂದರೆ ಐದು ಗಂಟೆಗೆ ನೀವು ಕ್ಯಾಮೆರಾ ಹಿಡಿದು ಜಾಗದಲ್ಲಿ ಇರಬೇಕು. ಮಧ್ಯಾಹ್ನ ಊಟ ಮಾಡಿ ಸ್ವಲ್ಪ ಮಲಗಿ ನಾಲ್ಕೂವರೆಗೆ ಎದ್ದರೆ ಕೈಯಲ್ಲಿ ಉಳಿಯುವುದು ಒಂದು ಗಂಟೆಗಿಂತ ಕಮ್ಮಿ.

ಇನ್ನೊಂದು, ನಮ್ಮ ಕಡೆಯ ಹಾಗೆ ಅಲ್ಲಿಯೂ ಸೂರ್ಯ ನೆಟ್ಟಗೆ ಮೇಲೇರುತ್ತದೆ. ಹುಟ್ಟಿ 25-30 ನಿಮಿಷಕ್ಕೆ ಆ ಬಂಗಾರದ ಬೆಳಕು ಮುಗಿಯುತ್ತದೆ. ಹೊರದೇಶದವರ ವಿಡಿಯೋಗಳಲ್ಲಿ ಗಂಟೆಗಟ್ಟಲೆ ಹೊಂಬಣ್ಣ ಇರುತ್ತದಲ್ವಾ, ಅದು ಉತ್ತರದ ತಂಪು ದೇಶಗಳದ್ದು. ಆದ್ದರಿಂದ ಯಾಟ್ ಮಾತಾಡುವಾಗ ಮೊದಲು ಕೇಳಬೇಕಾದ ಪ್ರಶ್ನೆ ಬಾಡಿಗೆಯದ್ದಲ್ಲ. "ಬೆಳಗ್ಗೆ ನಾಲ್ಕೂವರೆಗೆ ಡಿಂಗಿ ಇಳಿಸಿ ನಮ್ಮನ್ನು ದಡಕ್ಕೆ ಬಿಡುತ್ತೀರಾ?" ಎಂದು ಕೇಳಿ. ಡಿಂಗಿ ಎಂದರೆ ಯಾಟಿನ ಜೊತೆಗಿರುವ ಚಿಕ್ಕ ದೋಣಿ. ಯಾಟ್ ನಡೆಸುವ ಸ್ಕಿಪ್ಪರ್ ಹೂಂ ಎಂದರೆ ಮಾತ್ರ ಮುಂದಿನ ಮಾತು. ರಾತ್ರಿ ಎಲ್ಲಿ ಲಂಗರು ಹಾಕಲು ಅವರಿಗೆ ಪರವಾನಗಿ ಇದೆ ಎಂಬುದನ್ನು ಬರೆದು ತರಿಸಿಕೊಳ್ಳಿ. ಕೆಲವು ದೋಣಿಗಳಿಗೆ ಹಗಲು ಸುತ್ತಾಟಕ್ಕೆ ಮಾತ್ರ ಅನುಮತಿ ಇರುತ್ತದೆ. ನಮಗೆ ಮೊದಲ ಸಲ ಇದು ಗೊತ್ತಾದದ್ದು ದುಡ್ಡು ಕೊಟ್ಟ ಮೇಲೆ. ಹವಾಮಾನ ಕೆಟ್ಟು ಹೊರಡಲು ಆಗದಿದ್ದರೆ ಹಣ ವಾಪಸ್ ಬರುತ್ತದಾ, ಎಲ್ಲರಿಗೂ ಲೈಫ್ ಜಾಕೆಟ್ ಇದೆಯಾ, ವಿಎಚ್‌ಎಫ್ ರೇಡಿಯೋ (ಕಡಲಿನ ವೈರ್‌ಲೆಸ್) ನಡೆಯುತ್ತದಾ, ಇವನ್ನೂ ಕೇಳಿ. ಕಡಲಿನಲ್ಲಿ ಮೊಬೈಲ್ ಸಿಗ್ನಲ್ ನಂಬುವ ಹಾಗಿಲ್ಲ. ಅಪಾಯದ ಕರೆಗೆ ರೇಡಿಯೋದ 16ನೇ ಚಾನೆಲ್ ಎಂಬುದು ಐವರಿಗೂ ಗೊತ್ತಿರಲಿ.

ಫೆಬ್ರುವರಿ ಒಳ್ಳೆಯ ಆಯ್ಕೆ. ಆಗ ಗಾಳಿ ಈಶಾನ್ಯದಿಂದ ಬರುತ್ತದೆ, ದ್ವೀಪಗಳ ಪಶ್ಚಿಮದ ಬದಿ ಶಾಂತವಾಗಿರುತ್ತದೆ. ಹ್ಯಾವ್‌ಲಾಕ್‌ನ ರಾಧಾನಗರ ಕಡಲತೀರ ಇರುವುದೇ ಪಶ್ಚಿಮಕ್ಕೆ. ಸ್ಕಿಪ್ಪರ್ ಒಪ್ಪಿದರೆ ಅದರ ಎದುರು ಲಂಗರು ಹಾಕಿಸಿ. ಲಂಗರು ಹಾಕಿದ ದೋಣಿ ಗಾಳಿಯ ಕಡೆಗೆ ಮೂತಿ ತಿರುಗಿಸಿ ನಿಲ್ಲುತ್ತದೆ. ಮೂತಿ ಈಶಾನ್ಯಕ್ಕೆ ಹೋದರೆ ಹಿಂಭಾಗ ನೈಋತ್ಯಕ್ಕೆ ಬರುತ್ತದೆ. ಸಂಜೆ ಹಿಂದಿನ ಡೆಕ್‌ನಲ್ಲಿ ಕೂತವರಿಗೆ ಹಾಯಿ, ಹಗ್ಗ ಯಾವುದೂ ಅಡ್ಡ ಬರದೆ ಸೂರ್ಯಾಸ್ತ ಸಿಗುತ್ತದೆ. ಉಬ್ಬರ ಇಳಿತದ ಸೆಳೆತ ಜೋರಾಗಿದ್ದರೆ ದೋಣಿ ತಿರುಗಬಹುದು, ಅದನ್ನು ಸ್ಕಿಪ್ಪರ್ ಹೇಳುತ್ತಾರೆ. ಅಲ್ಲಿ ಎರಡು ಸಂಜೆ ಇರಿ. ಒಂದು ಸಂಜೆ ದೋಣಿಯಲ್ಲೇ ಉಳಿದು ದಡದ ಕಡೆ ನೋಡಿ. ಆ ದೊಡ್ಡ ದೊಡ್ಡ ಮರಗಳ ಮೇಲೆ ಕೆಂಪು ಬೆಳಕು ಬೀಳುವುದು ಮುಳುಗುವ ಸೂರ್ಯನಿಗಿಂತ ಚಂದ. ಇನ್ನೊಂದು ಸಂಜೆ ದಡಕ್ಕೆ ಇಳಿದು ನಿಮ್ಮ ಯಾಟನ್ನೇ ಚೌಕಟ್ಟಿನೊಳಗೆ ಇಟ್ಟು ತೆಗೆಯಿರಿ.

ನಾವು ಪಶ್ಚಿಮ ಕರಾವಳಿಯವರು. ಕಡಲಿಗೆ ಸೂರ್ಯ ಇಳಿಯುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇವೆ. ಕಡಲಿನಿಂದ ಸೂರ್ಯ ಏಳುವುದು ನಮ್ಮ ಕಣ್ಣಿಗೆ ಹೊಸದು. ಅದಕ್ಕೇ ಪೂರ್ವದ ತೀರಗಳನ್ನು ಬಿಡಬೇಡಿ. ಹ್ಯಾವ್‌ಲಾಕ್‌ನ ಕಾಲಾಪತ್ಥರ್, ನೀಲ್‌ನ ಸೀತಾಪುರ, ಎರಡೂ ಪೂರ್ವಕ್ಕೆ ಮುಖ ಮಾಡಿವೆ. ಕಾಲಾಪತ್ಥರ್‌ಗೆ ದೋಣಿ ಸುತ್ತಿಸಿಕೊಂಡು ಹೋಗುವ ಅಗತ್ಯ ಇಲ್ಲ. ಹಿಂದಿನ ದಿನವೇ ಟ್ಯಾಕ್ಸಿ ಹೇಳಿಟ್ಟು ರಸ್ತೆಯಲ್ಲಿ ಹೋಗಿ.

ನೀಲ್‌ನಲ್ಲಿ ಒಂದು ರಾತ್ರಿ ನೆಲದ ಮೇಲೆ ಕಳೆಯಿರಿ, ಸೀತಾಪುರದ ಹತ್ತಿರ ಒಂದು ರೂಮ್ ಮಾಡಿ. ಕಾರಣ ನಕ್ಷತ್ರ. ಲಂಗರು ಹಾಕಿದ ದೋಣಿ ಎಷ್ಟು ಶಾಂತವಾಗಿದ್ದರೂ ತೂಗುತ್ತಲೇ ಇರುತ್ತದೆ. ಟ್ರೈಪಾಡ್ ನಿಲ್ಲಿಸಿ 20 ಸೆಕೆಂಡ್ ತೆಗೆದರೆ ಒಂದೊಂದು ನಕ್ಷತ್ರವೂ ಹುಳದ ಹಾಗೆ ಬರುತ್ತದೆ. ದಿನಾಂಕ ಇನ್ನೂ ನಿಗದಿ ಆಗಿಲ್ಲದಿದ್ದರೆ ಶಿವರಾತ್ರಿಯ ಸುತ್ತಮುತ್ತ ಇಟ್ಟುಕೊಳ್ಳಿ. ಶಿವರಾತ್ರಿಯ ಮರುದಿನವೇ ಅಮಾವಾಸ್ಯೆ ಅಲ್ವಾ, ಚಂದ್ರನ ಕಾಟ ಇಲ್ಲ. ಆ ದಿನಗಳಲ್ಲಿ ಬೆಳಗಿನ ಜಾವ 3ರಿಂದ 4.20ರ ತನಕ ಆಗ್ನೇಯದಲ್ಲಿ ಆಕಾಶಗಂಗೆಯ ದಟ್ಟ ಭಾಗ ಕಾಣುತ್ತದೆ. ಹದಿನೈದು ನಿಮಿಷ ದೀಪ ಇಲ್ಲದೆ ಕೂತರೆ ಬರಿಗಣ್ಣಿಗೇ ಕಾಣುತ್ತದೆ. ಅದೃಷ್ಟ ಇದ್ದರೆ ತೆರೆಯ ಅಂಚಿನಲ್ಲಿ ನೀಲಿ ಮಿಂಚೂ ಸಿಗುತ್ತದೆ, ನೀರಿನ ಸೂಕ್ಷ್ಮಜೀವಿಗಳು ಅಲುಗಿದಾಗ ಹೊಳೆಯುವ ಬೆಳಕು ಅದು. ದಿನಾಂಕ ಇಡುವ ಮೊದಲು ಮನೆಯಲ್ಲಿ ಕೋಲ, ತೆಯ್ಯಂ ಏನಾದರೂ ಇದೆಯಾ ನೋಡಿಕೊಳ್ಳಿ. ಆ ತಿಂಗಳು ನಮ್ಮ ಕಡೆ ಅದರದ್ದೇ ಕಾಲ.

ಅಮಾವಾಸ್ಯೆಗೆ ಇನ್ನೊಂದು ಲಾಭ ಇದೆ. ಅಮಾವಾಸ್ಯೆ, ಹುಣ್ಣಿಮೆಗೆ ಇಳಿತ ಜಾಸ್ತಿ ಎಂದು ನಮ್ಮ ಮೊಗವೀರರನ್ನು ಕೇಳಿದರೆ ಹೇಳುತ್ತಾರೆ. ನೀಲ್‌ನ ಲಕ್ಷ್ಮಣಪುರದ ಕಡೆ ಇರುವ ಕಲ್ಲಿನ ಸಹಜ ಸೇತುವೆಗೆ ನೀರು ಇಳಿದಾಗ ಮಾತ್ರ ಹೋಗಲು ಆಗುವುದು. ಇಳಿತದ ಹೊತ್ತು ದಿನಾ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಉಬ್ಬರವಿಳಿತದ ಪಟ್ಟಿ ಮತ್ತು ಸೂರ್ಯನ ಸಮಯ, ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು ಕ್ಯಾಬಿನ್‌ನಲ್ಲಿ ಅಂಟಿಸಿ. ಅಲ್ಲಿ ಹವಳದ ಮೇಲೆ ಟ್ರೈಪಾಡ್ ಊರಬೇಡಿ. ಸತ್ತ ಕಲ್ಲಿನಂತೆ ಕಂಡರೂ ಅದು ಜೀವ ಇರುವ ಹವಳ ಆಗಿರಬಹುದು. ಲಂಗರನ್ನೂ ಮರಳಿನಲ್ಲೇ ಹಾಕಲು ಹೇಳಿ. ಹವಳದ ಚೂರು, ದೊಡ್ಡ ಚಿಪ್ಪು ಯಾವುದನ್ನೂ ಬ್ಯಾಗಿಗೆ ಹಾಕಬೇಡಿ, ಕಾನೂನಿನ ಪ್ರಕಾರ ಅದು ಅಪರಾಧ.

ಬ್ಯಾರನ್ ಬಗ್ಗೆ ನಿಮ್ಮ ಆಸೆ ಅರ್ಥವಾಗುತ್ತದೆ. ಇಡೀ ದೇಶದಲ್ಲಿ ಜೀವಂತ ಜ್ವಾಲಾಮುಖಿ ಅದೊಂದೇ. ಬಹಳ ಕಾಲ ಸುಮ್ಮನಿದ್ದು 1991ರಲ್ಲಿ ಮತ್ತೆ ಎದ್ದಿತು. ಆದರೆ ಹ್ಯಾವ್‌ಲಾಕ್‌ನಿಂದ ಸುಮಾರು 100 ಕಿಲೋಮೀಟರ್ ತೆರೆದ ಕಡಲು, ಸೇಲಿಂಗ್ ಯಾಟಿನಲ್ಲಿ ಒಂದು ಇಡೀ ರಾತ್ರಿ. ಇಳಿಯಲು ಬಿಡುವುದಿಲ್ಲ, ದೋಣಿಯಿಂದಲೇ ನೋಡಬೇಕು. ಲಾವಾ ಹರಿದು ಕಡಲಿಗೆ ಸೇರಿದ ಬಾಯಿ ಪಶ್ಚಿಮದ ಕಡೆಗಿದೆ. ಹಾಗಾಗಿ ಬೆಳಗ್ಗೆ ಅಲ್ಲಿಂದ ನೋಡಿದರೆ ಬೆಟ್ಟ ಕಪ್ಪು ನೆರಳಾಗಿ ಸಿಗುತ್ತದೆ, ಕಪ್ಪು ಲಾವಾದ ಮೇಲೆ ಬೆಳಕು ಬೇಕಾದರೆ ಮಧ್ಯಾಹ್ನದ ತನಕ ಕಾಯಬೇಕು. ಹೋಗಿ ಬರಲು ಎರಡು ರಾತ್ರಿ, ನಡುವೆ ಒಂದು ಹಗಲು. ಎಂಟು ಒಂಬತ್ತು ದಿನ ಇದ್ದರೆ ಹೋಗಿ, ಆರು ದಿನಕ್ಕೆ ಬೇಡ. ಜಾಲಿ ಬಾಯ್ ಇರುವುದು ವಂಡೂರಿನ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದಲ್ಲಿ. ಅದಕ್ಕೆ ಬೇರೆ ಪರವಾನಗಿ, ಹಗಲು ದೋಣಿ. ನೀರಿನ ಕೆಳಗೆ ತೆಗೆಯುವವರು ಇದ್ದರೆ ಕೊನೆಯ ದಿನಕ್ಕೆ ಇಟ್ಟುಕೊಳ್ಳಬಹುದು.

ಡ್ರೋನ್ ಬೇಡ ಎಂದೇ ಹೇಳುತ್ತೇನೆ. ನೌಕಾಪಡೆ, ವಾಯುಪಡೆ ಇರುವ ದ್ವೀಪಗಳು ಅವು, ಅನುಮತಿ ಇಲ್ಲದೆ ಹಾರಿಸುವ ಹಾಗಿಲ್ಲ. ಅನುಮತಿ ಸಿಕ್ಕಿದರೂ ದೋಣಿಯಿಂದ ಹಾರಿಸುವುದು ಸುಲಭ ಅಲ್ಲ. ಏರಿದ ಜಾಗವನ್ನೇ ಡ್ರೋನ್ ಮನೆ ಎಂದು ನೆನಪಿಟ್ಟುಕೊಳ್ಳುತ್ತದೆ. ಅಷ್ಟರಲ್ಲಿ ದೋಣಿ ಹತ್ತಿಪ್ಪತ್ತು ಮೀಟರ್ ಸರಿದಿರುತ್ತದೆ. ಸಿಗ್ನಲ್ ತಪ್ಪಿ ತಾನಾಗಿ ವಾಪಸ್ ಬಂದರೆ ಇಳಿಯುವುದು ನೀರಿಗೆ. ಅಲ್ಲಿನ ಆದಿವಾಸಿಗಳಾದ ಜಾರವಾ ಜನರು ಇರುವ ರಸ್ತೆಯಲ್ಲಿ ಹೋಗುವ ಪ್ರಸಂಗ ಬಂದರೆ ಕ್ಯಾಮೆರಾ ಬ್ಯಾಗಿನಿಂದ ತೆಗೆಯಲೇಬೇಡಿ. ಅವರ ಫೋಟೋ ತೆಗೆಯುವುದಕ್ಕೆ ಕಾನೂನಿನಲ್ಲಿ ನಿಷೇಧ ಇದೆ. ಅವರ ಪಾಡಿಗೆ ಅವರನ್ನು ಬಿಡುವುದು ನಮ್ಮ ಕರ್ತವ್ಯವೂ ಹೌದು.

ಈಗ ಲೆನ್ಸ್. ಎರಡು ಸಾಕು, 24-105 ಮಿ.ಮೀ. ಮತ್ತು ದೂರದ್ದಕ್ಕೆ 100-400 ಮಿ.ಮೀ.ನ ಹಾಗಿನವು. ಇಬ್ಬರ ಹತ್ತಿರ ಎರಡು ಕ್ಯಾಮೆರಾ ಬಾಡಿ ಇದ್ದರೆ ಡೆಕ್ ಮೇಲೆ ಲೆನ್ಸ್ ಬದಲಿಸುವ ಕೆಲಸವೇ ಇರುವುದಿಲ್ಲ. ಉಪ್ಪಿನ ಗಾಳಿಯಲ್ಲಿ ಅದನ್ನು ತಪ್ಪಿಸಲೇಬೇಕು. ದೋಣಿಯಲ್ಲಿ ಶಟರ್ ವೇಗ 1/1000 ಸೆಕೆಂಡಿಗಿಂತ ಕೆಳಗೆ ಇಳಿಸಬೇಡಿ, ಬೆಳಕು ಕಮ್ಮಿ ಆದಾಗ ಐಎಸ್ಒ (ಕ್ಯಾಮೆರಾ ಬೆಳಕು ಹಿಡಿಯುವ ಶಕ್ತಿ) ಏರಿಸಿ. ಇಂಜಿನ್ ನಡೆಯುವಾಗ ಕಂಬಿಗೆ ಒರಗಿ ತೆಗೆಯಬೇಡಿ, ಆ ನಡುಕ ಫೋಟೋದಲ್ಲಿ ಬರುತ್ತದೆ. ಮೊಣಕಾಲು ಸ್ವಲ್ಪ ಬಗ್ಗಿಸಿ ನಿಂತರೆ ಒಳ್ಳೆಯದು. ಪೋಲರೈಸರ್ (ನೀರಿನ ಮೇಲಿನ ಹೊಳಪು ತಗ್ಗಿಸುವ ಫಿಲ್ಟರ್) ಮರೆಯಬೇಡಿ. ಮಧ್ಯಾಹ್ನ ಫೋಟೋಗೆ ಆಗದ ಹೊತ್ತು ಎನ್ನುತ್ತಾರೆ, ಲಗೂನಿಗೆ (ದಡದ ಹತ್ತಿರದ ಆಳವಿಲ್ಲದ ತಿಳಿನೀರು) ಆ ಮಾತು ಸಲ್ಲದು. ಸೂರ್ಯ ಮೇಲಿದ್ದಾಗಲೇ ಬೆಳಕು ನೀರಿನೊಳಗೆ ಇಳಿಯುವುದು, ಆಗಲೇ ಆ ತಿಳಿ ಹಸಿರು, ನೀಲಿ ಬರುವುದು. ಹತ್ತರಿಂದ ಎರಡರ ತನಕ ಡೆಕ್‌ನಿಂದ ಕೆಳಗೆ ನೋಡಿ ತೆಗೆಯಿರಿ.

ನಮಗೆ ಆದ ದೊಡ್ಡ ತೊಂದರೆ ಮಂಜು. ಎಸಿ ಕ್ಯಾಬಿನ್‌ನಿಂದ ಕ್ಯಾಮೆರಾ ಹೊರಗೆ ತಂದ ಕೂಡಲೇ ಲೆನ್ಸ್ ಪೂರ್ತಿ ಮಂಜಾಯಿತು. ಒರೆಸಿದರೆ ಮತ್ತೆ ಬರುತ್ತದೆ. ಒಂದು ಸೂರ್ಯೋದಯ ಹಾಗೇ ಹೋಯಿತು. ರಾತ್ರಿ ಕ್ಯಾಮೆರಾವನ್ನು ಎಸಿ ಇಲ್ಲದ ಜಾಗದಲ್ಲಿ, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಮಳೆಗಾಲದಲ್ಲಿ ಲೆನ್ಸಿಗೆ ಬೂಸಲು ಹಿಡಿಯುವುದನ್ನು ಕಂಡ ನಮಗೆ ಇದು ಹೇಳಿಕೊಡಬೇಕಾದ ವಿಷಯ ಅಲ್ಲ. ಸಂಜೆ ದಿನಾ ಸಿಹಿನೀರಿನಲ್ಲಿ ಬಟ್ಟೆ ಅದ್ದಿ ಚೆನ್ನಾಗಿ ಹಿಂಡಿ ಹೊರಭಾಗ ಒರೆಸಿ, ಆಮೇಲೆ ಒಣ ಬಟ್ಟೆ. ಒಣ ಬಟ್ಟೆಯಲ್ಲೇ ಉಜ್ಜಿದರೆ ಉಪ್ಪಿನ ಹರಳು ಲೆನ್ಸಿನ ಲೇಪನವನ್ನು ಗೀರಬಹುದು. ಬ್ಯಾಟರಿ, ಪವರ್ ಬ್ಯಾಂಕ್ ವಿಮಾನದಲ್ಲಿ ಕೈಚೀಲದಲ್ಲೇ ಇರಬೇಕು. ದೋಣಿಯಲ್ಲಿ ಇನ್ವರ್ಟರ್ ಯಾವ ಹೊತ್ತಿಗೆ ನಡೆಯುತ್ತದೆ ಎಂದು ಕೇಳಿ, ಅದಕ್ಕೆ ತಕ್ಕ ಹಾಗೆ ಜಾಸ್ತಿ ಬ್ಯಾಟರಿ ಇಟ್ಟುಕೊಳ್ಳಿ.

ವಾಂತಿಯ ವಿಷಯ ಹಗುರ ಮಾಡಬೇಡಿ. ಉದ್ದದ ಲೆನ್ಸಿನಲ್ಲಿ ಕಣ್ಣಿಟ್ಟು ತೂಗುವ ದೋಣಿಯಲ್ಲಿ ಹತ್ತು ನಿಮಿಷ ನಿಂತರೆ ಗಟ್ಟಿ ಆಳಿಗೂ ತಲೆ ತಿರುಗುತ್ತದೆ. ಡಾಕ್ಟರನ್ನು ಕೇಳಿ ಮಾತ್ರೆ ಇಟ್ಟುಕೊಳ್ಳಿ, ಹೊರಡುವ ಮೊದಲೇ ತೆಗೆದುಕೊಳ್ಳಿ. ಶುಂಠಿ ಕೂಡ ಇರಲಿ. ಕ್ಯಾಬಿನ್ ಒಳಗೆ ಕೂತು ಪರದೆ ನೋಡುವುದು ಬೇಡ, ಮೇಲೆ ಬಂದು ದೂರದ ಕಡಲ ಗೆರೆ ನೋಡಿ. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಹೊಳೆಗಳಲ್ಲಿ ಮೊಸಳೆ ಇದೆ. ಅಲ್ಲಿ ನೀರಿಗೆ ಕಾಲಿಡಬಾರದು, ಬೆಳಗಿನ ಜಾವ, ಸಂಜೆಯಂತೂ ಬೇಡವೇ ಬೇಡ.

ಲಕ್ಷದ್ವೀಪ ಯಾಕಲ್ಲ ಎಂದು ಉಪ್ಪಳದ ಒಬ್ಬರು ಕೇಳಿದ್ದಾರೆ. ನನಗೂ ಆ ಆಸೆ ಇದೆ. ಅಮಿನಿ, ಕಡಮತ್, ಕಿಲ್ತಾನ್ ದ್ವೀಪಗಳು ನಮ್ಮ ಹಾಗೆಯೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋದಾಗಲೇ ಅವು ಕೇಂದ್ರಾಡಳಿತಕ್ಕೆ ಹೋದವು. ಆದರೆ ಅಲ್ಲಿಗೆ ಪ್ರವೇಶ ಪರವಾನಗಿ ಬೇಕೇ ಬೇಕು. ಯಾಟ್ ಹಿಡಿದು ನಮಗೆ ಬೇಕಾದ ಹೊತ್ತಿಗೆ ಬೇಕಾದಲ್ಲಿ ಲಂಗರು ಹಾಕುವ ಪ್ರವಾಸಕ್ಕೆ ಸದ್ಯ ಅಂಡಮಾನೇ ಅನುಕೂಲ.

ಹೊರಡುವ ಮೊದಲು ಇಲ್ಲೇ ಒಂದು ದಿನ ಅಭ್ಯಾಸ ಮಾಡಿ. ನೀಲೇಶ್ವರದ ಕಡೆ ವಲಿಯಪರಂಬ ಹಿನ್ನೀರಿನಲ್ಲಿ ಒಂದು ದೋಣಿ ಹಿಡಿಯಿರಿ, ಇಲ್ಲವೇ ಚಂದ್ರಗಿರಿ ಅಳಿವೆಯಲ್ಲಿ. ಬಿಳಿ ಹೊಟ್ಟೆಯ ಕಡಲ ಹದ್ದು ಅಂಡಮಾನಿನಲ್ಲೂ ಇದೆ, ನಮ್ಮಲ್ಲೂ ಇದೆ. ತೂಗುವ ದೋಣಿಯಿಂದ ಅದನ್ನು ಕ್ಯಾಮೆರಾದಲ್ಲಿ ಹಿಡಿಯಲು ಕೈ ಪಳಗಿದರೆ ಅಲ್ಲಿ ಮೊದಲ ದಿನ ವ್ಯರ್ಥ ಆಗುವುದಿಲ್ಲ. ವಾಪಸ್ ವಿಮಾನದ ಹಿಂದಿನ ದಿನವನ್ನು ಪೋರ್ಟ್ ಬ್ಲೇರ್‌ನಲ್ಲಿ ಖಾಲಿ ಇಡಿ, ಗಾಳಿ ಎದ್ದರೆ ದೋಣಿ ಹೊರಡದೆ ಇರಬಹುದು. ಚೆನ್ನೈ ತನಕ ಮಂಗಳೂರು ಮೇಲ್ ಅಥವಾ ವೆಸ್ಟ್ ಕೋಸ್ಟ್ ರೈಲು ಸಾಕು, ಬೇಗ ಬುಕ್ ಮಾಡಿ. ಸ್ಕಿಪ್ಪರ್ ಕಳಿಸುವ ಮಾರ್ಗದ ನಕ್ಷೆ ಬಂದ ಮೇಲೆ ಇಲ್ಲೇ ಹಾಕಿ. ಯಾವ ರಾತ್ರಿ ಎಲ್ಲಿ ಲಂಗರು, ಅಲ್ಲಿಂದ ಬೆಳಗ್ಗೆ ಸೂರ್ಯ ಯಾವ ಕಡೆ ಬರುತ್ತದೆ ಎಂದು ಒಟ್ಟಿಗೆ ಕೂತು ನೋಡೋಣ.