ಪೀಣ್ಯದ ಸಣ್ಣ ಘಟಕಕ್ಕೆ ಸಂಘದ ಸದಸ್ಯತ್ವ ಬೇಕೇ?

ಪೀಣ್ಯದಲ್ಲಿ ಲೇತ್ ಘಟಕ ನಡೆಸುವ ತಾವು, ದೊಡ್ಡ ಕಂಪನಿಯೊಂದು ಬಿಲ್ ಬಾಕಿ ಉಳಿಸಿಕೊಂಡಿರುವಾಗ ಕೈಗಾರಿಕಾ ಸಂಘಕ್ಕೆ ಶುಲ್ಕ ಕಟ್ಟಿ ಏನು ಪ್ರಯೋಜನವೆಂದು ಕೇಳಿದ್ದೀರಿ. ನನ್ನ ಅಭಿಪ್ರಾಯದಲ್ಲಿ ತಮ್ಮಂಥವರಿಗೇ ಅದು ಹೆಚ್ಚು ಉಪಯುಕ್ತ. 2006ರ ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ, ಸರಕು ಸ್ವೀಕರಿಸಿದ ಖರೀದಿದಾರರು ಯಾವ ಒಪ್ಪಂದವಿದ್ದರೂ 45 ದಿನಗಳೊಳಗೆ ಹಣ ಪಾವತಿಸಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸಿದ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಇಂಥ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರ ನೀಡುವ ಉದ್ಯಮ್ ನೋಂದಣಿಯಿದ್ದರೆ ದೂರನ್ನು ತಾವೇ ಸಲ್ಲಿಸಬಹುದಾದರೂ, ಮುಂದಿನ ಆರ್ಡರ್ ಕೈತಪ್ಪೀತೆಂಬ ಅಂಜಿಕೆಯಿಂದ ಅನೇಕರು ಸುಮ್ಮನಿರುತ್ತಾರೆ. ಅಂಥಲ್ಲಿ ಸಂಘದ ಲೆಟರ್‌ಹೆಡ್‌ನಲ್ಲಿ ಹೋಗುವ ಪತ್ರದ ತೂಕವೇ ಬೇರೆ. ವಿದ್ಯುತ್ ದರ ಏರಿಕೆಯ ವಿಚಾರಣೆಗಳಲ್ಲಿ ಸಣ್ಣವರ ಪರವಾಗಿ ಆಕ್ಷೇಪಣೆ ಸಲ್ಲಿಸುವುದೂ ಇಂಥ ಸಂಘಗಳೇ. ಪೀಣ್ಯ ಕೈಗಾರಿಕಾ ಸಂಘ ತಮಗೆ ಹತ್ತಿರ; 1949ರಲ್ಲಿ ಸ್ಥಾಪನೆಯಾದ ಕಾಸಿಯಾ (ಕರ್ನಾಟಕ ಸಣ್ಣ ಕೈಗಾರಿಕೆಗಳ ಸಂಘ) ಬೆಂಗಳೂರಿನ ವಿಜಯನಗರದಲ್ಲಿದೆ. ಸನ್ಮಾನ ಸಮಾರಂಭಗಳಿಗಷ್ಟೇ ಕರೆಯುವ ಸಂಘವಾದರೆ ಕಟ್ಟಿದ ಹಣ ದಂಡವೇ ಸರಿ. ಆದ್ದರಿಂದ ಬಾಕಿ ವಸೂಲಿಗೆ ಯಾವ ಬಗೆಯ ನೆರವು ದೊರೆಯುವುದೆಂದು ಕಚೇರಿಯಲ್ಲಿ ಮೊದಲೇ ವಿಚಾರಿಸಿ.