ಗಂಜಿ ಒಂದೇ ಸಾಲದು, ತಂಗಿ

ಆಳಂದ ತಾಲ್ಲೂಕಿನಿಂದ ಬರೆದ ತಂಗಿ, ನಿಮ್ಮ ಪತ್ರ ಎರಡು ಸಲ ಓದಿದೆ. ಅಪ್ಪನಿಗೆ 68 ವರ್ಷ, ಗಲ್ಲದ ಒಳಗೆ ಕ್ಯಾನ್ಸರ್. ಕಲಬುರಗಿಯಲ್ಲಿ ನಾಲ್ಕು ವಾರ ಕರೆಂಟ್, ಅಂದರೆ ರೇಡಿಯೇಷನ್, ಕೊಡಿಸಿದ್ದೀರಿ, ಈಗ ತೊಡೆ ಕರಗಿ ಸೊಂಟದ ಮೇಲೆ ಧೋತರ ನಿಲ್ಲುತ್ತಿಲ್ಲ, ಕಂಬ ಹಿಡಿಯದೆ ಏಳೋಕಾಗುತ್ತಿಲ್ಲ. 'ವಯಸ್ಸಾಯ್ತಲ್ಲ, ಗಂಜಿ ಕುಡಿಸಿ ಮಲಗಿಸಿ' ಅಂತ ಬೀಗರು ಹೇಳುತ್ತಾರೆ, ಅದು ಸರಿಯಾ ಎಂದು ಕೇಳಿದ್ದೀರಿ.

ಸರಿಯಲ್ಲ. ವಯಸ್ಸಾದಂತೆ ಮಾಂಸಖಂಡ ಕರಗುವುದು ನಿಜ, ಆದರೆ ಅದು ವರ್ಷಗಟ್ಟಲೆ ನಿಧಾನಕ್ಕೆ ಆಗುವಂಥದ್ದು. ಒಂದೇ ತಿಂಗಳಲ್ಲಿ ಹೀಗೆ ಇಳಿದರೆ ಸುಮ್ನೆ ವಯಸ್ಸಿನ ಮೇಲೆ ಹಾಕಬೇಡಿ. ಕ್ಯಾನ್ಸರ್ ತಾನೇ ಮಾಂಸ ಕರಗಿಸುತ್ತದೆ. ಅದರ ಮೇಲೆ ಕರೆಂಟಿನಿಂದ ಬಾಯಿತುಂಬ ಹುಣ್ಣು, ಒಣಗಿದ ನಾಲಿಗೆ, ರುಚಿಯಿಲ್ಲ, ನುಂಗಿದರೆ ನೋವು. ಊಟ ಅರ್ಧಕ್ಕೆ ಇಳಿದಾಗ ಮೈ ತನ್ನ ಮಾಂಸವನ್ನೇ ಉರಿಸಿಕೊಳ್ಳುತ್ತದೆ. ಹೀಗೆ ಮಾಂಸಖಂಡ ಕರಗಿ ಬಲ ಕುಗ್ಗುವುದಕ್ಕೆ ಡಾಕ್ಟರರು ಸಾರ್ಕೋಪೀನಿಯಾ ಅಂತಾರೆ. ಹೀಗಾದವರಿಗೆ ಕೀಮೋ, ಅಂದರೆ ಕ್ಯಾನ್ಸರಿನ ಔಷಧಿ, ಕೊಟ್ಟರೆ ಅದರ ಬಾಧೆಯೂ ಜಾಸ್ತಿ. ಅದಕ್ಕೇ ಆ ಗಂಜಿ ಮಾತು ಓದಿ ನನಗೆ ಸಂಕಟವಾಯಿತು.

ಗಂಜಿಯಲ್ಲಿ ನೀರೇ ಜಾಸ್ತಿ ಅಲ್ವಾ? ಕ್ಯಾನ್ಸರ್ ಇರುವವರಿಗೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ಅಪ್ಪ 50 ಕಿಲೋ ಇದ್ದರೆ 50ರಿಂದ 75 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇರುತ್ತದೆ, ಬೇಯಿಸದ 100 ಗ್ರಾಂ ತೊಗರಿಬೇಳೆಯಲ್ಲಿ 20ಕ್ಕೂ ಹೆಚ್ಚು. ತೊಗರಿ ಬೆಳೆಯುವ ನಾಡಿನಲ್ಲಿ ಕೂತು ತಿಳಿಗಂಜಿ ಯಾಕೆ ಕುಡಿಸಬೇಕು? ಬೇಳೆ ಮೆತ್ತಗೆ ಬೇಯಿಸಿ, ನುಣ್ಣಗೆ ಕಡೆದು, ತುಪ್ಪ ಹಾಕಿ, ಖಾರ ಹುಳಿ ಬಿಟ್ಟು ಕೊಡಿ. ಜೋಳದ ನುಚ್ಚನ್ನು ಗಟ್ಟಿ ಮೊಸರಲ್ಲಿ ಕಲಸಿ ಕೊಡಿ. ಒಂದೇ ಸಲ ತಟ್ಟೆ ತುಂಬಿಸಿದರೆ ನೋಡಿಯೇ ಬೇಡ ಅಂತಾರೆ, ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ಕೊಡಿ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಮೊದಲು ಡಾಕ್ಟರನ್ನು ಕೇಳಿ.

ನುಂಗುವಾಗ ಕೆಮ್ಮು ಬಂದರೆ ಒತ್ತಾಯ ಮಾಡಬೇಡಿ, ಊಟ ಶ್ವಾಸನಾಳಕ್ಕೆ ಹೋಗಬಹುದು, ಅವತ್ತೇ ಆಸ್ಪತ್ರೆಗೆ ತಿಳಿಸಿ. ಊಟ ಕೊಡೋಕೆ ಮೂಗಿನಿಂದ ನಳಿಗೆ ಹಾಕುತ್ತೇವೆ ಅಂತ ಡಾಕ್ಟರು ಅಂದರೆ ಮನೆಯವರೆಲ್ಲ ಅಳುತ್ತಾರೆ, ಇನ್ನು ಮುಗೀತು ಅಂತ. ಹಾಗಲ್ಲ ತಂಗಿ. ಹುಣ್ಣು ಮಾಯ್ದು, ನುಂಗುವುದು ಸರಿಯಾದ ಮೇಲೆ ತುಂಬಾ ಜನರಿಗೆ ಅದನ್ನು ತೆಗೆಯುತ್ತಾರೆ.

ಇನ್ನು ಮಲಗಿಸುವ ಮಾತು. ಹಾಸಿಗೆ ಹಿಡಿದಷ್ಟೂ ಕಾಲು ಸೋಲುತ್ತದೆ. ಡಾಕ್ಟರು ಬೇಡ ಅನ್ನದಿದ್ದರೆ ಕುರ್ಚಿಯಿಂದ ಐದು ಸಲ ಎಬ್ಬಿಸಿ ಕೂರಿಸಿ, ನೀವು ಪಕ್ಕದಲ್ಲೇ ನಿಂತಿರಿ. ಶಕ್ತಿ ಬಂದಂತೆ ಸಂಜೆ ಊರ ಅಗಸಿ ಬಾಗಿಲ ತನಕ ನಡೆಸಿ.

ವಾರಕ್ಕೊಮ್ಮೆ ತೂಕ ಬರೆದಿಡಿ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಆ ಚೀಟಿ ತೋರಿಸಿ, ಆಹಾರ ತಜ್ಞರ ಹತ್ತಿರ ಕಳಿಸಿ ಎಂದು ಸಂಕೋಚವಿಲ್ಲದೆ ಕೇಳಿ. ಅಪ್ಪ ಹೇಗಿದ್ದಾರೆಂದು ಮತ್ತೆ ಬರೆಯಿರಿ, ಕಾಯುತ್ತಿರುತ್ತೇನೆ.

– ಸಂಪಾದಕ